ಹುಚ್ಚರ ಡಾಕ್ಟರ ಸೀಟಿಗೂ ಪೈಪೋಟಿಯಾ?

ನನ್ನ ತಂಗಿ ಎಂಬಿಬಿಎಸ್ ಮುಗಿಸಿ, ‘ಮುಂದೆ ಓದಿದರೆ ಮನಸ್ಸಿನ ಕಾಯಿಲೆ ಬಗ್ಗೆಯೇ ಓದೋದು’ ಎಂದ ದಿನದಿಂದ ನಮ್ಮ ಮನೆ ಬಾಗಿಲಿಗೆ ಬಂದವರೆಲ್ಲ ಒಂದು ಕಲ್ಲು ಎಸೆದೇ ಹೋಗುತ್ತಾರೆ. ಬಿದ್ದ ಕಲ್ಲನ್ನು ವಾಪಸ್ ಎಸೆಯದೆ ಬಿಡುವವಳು ನಾನಲ್ಲ. ಹಾಗಾಗಿ ಇಂಥ ಪ್ರಸಂಗಗಳಿಗೆ ನಮ್ಮಲ್ಲಿ ಬರವಿಲ್ಲ.

ನಾನು ಓದಿದ್ದು ಹತ್ತನೇ ಕ್ಲಾಸು. ಆದರೂ ಎರಡು ವರ್ಷದಿಂದ ರ‍್ಯಾಂಕು, ಕೋಟಾ, ಕೌನ್ಸೆಲಿಂಗು ಎಲ್ಲ ಬಾಯಿಪಾಠ. ಡಾಕ್ಟರಾದ ಮೇಲೂ ಇನ್ನೊಂದು ಪರೀಕ್ಷೆ ಬರೆಯಬೇಕು. ಒಳ್ಳೆ ರ‍್ಯಾಂಕ್ ಬಂದರೆ ಮೂರು ವರ್ಷ ದೊಡ್ಡಾಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ಸೀಟು. ಸೈಕಿಯಾಟ್ರಿಗೆ ಒಂದೊಂದು ಕಾಲೇಜಿನಲ್ಲಿ ಇರುವ ಸೀಟುಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಅವಳಿಗೆ ಈ ಹಠ ಬಂದದ್ದು ನನ್ನಿಂದ. ಮಗಳು ಹುಟ್ಟಿದ ಮೇಲೆ ಮೂರು ತಿಂಗಳು ನಾನು ಯಾರ ಜೊತೆಗೂ ಮಾತಾಡಲಿಲ್ಲ. ಮಗು ಅತ್ತರೆ ಗೋಡೆ ನೋಡುತ್ತಿದ್ದೆ. ಗಾಳಿ ಸೋಕಿದೆ ಎಂದು ನಮ್ಮತ್ತೆ ಯಾರೋ ಒಬ್ಬನನ್ನು ಕರೆಸಿ ಬೇವಿನ ಸೊಪ್ಪಲ್ಲಿ ಹೊಡೆಸಿದರು. ಕಾಲೇಜಿಂದ ರಜೆಗೆ ಬಂದ ತಂಗಿ ಅದನ್ನು ನೋಡಿ, ಮಾರನೇ ದಿನ ಮೊದಲನೇ ರೈಲಿಗೇ ನನ್ನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಬೆಳಿಗ್ಗೆ ಸಾಲಿನಲ್ಲಿ ನಿಂತರೆ ಒಳಗೆ ಕರೆದದ್ದು ಮಧ್ಯಾಹ್ನ ಮೂರಕ್ಕೆ. ‘ಇಷ್ಟು ಜನಕ್ಕೆ ಇಬ್ಬರೇ ಡಾಕ್ಟ್ರು ಅಕ್ಕ’ ಎಂದಳು. ಆ ಸಾಲಿನಲ್ಲಿ ನಿಂತೇ ಅವಳು ತೀರ್ಮಾನ ಮಾಡಿದ್ದು. ನಾಲ್ಕು ತಿಂಗಳ ಮಾತ್ರೆಗೆ ನಾನು ಮತ್ತೆ ನಾನಾದೆ. ಬಾಯಿ ಮಾತ್ರ ಮೊದಲಿಗಿಂತ ಜಾಸ್ತಿಯೇ ವಾಪಸ್ ಬಂತು ಅಂತ ನಮ್ಮ ಯಜಮಾನರು ಹೇಳುತ್ತಾರೆ.

೧. ಒಲೆ

ದೇವನಹಳ್ಳಿ ಕಡೆಯಿಂದ ತಂಗಿಯನ್ನು ನೋಡಲು ಗಂಡಿನವರು ಬಂದರು. ಗಂಡಿನ ತಾಯಿ ಉಪ್ಪಿಟ್ಟು ಕೆದಕುತ್ತ, “ಅಲ್ಲಮ್ಮ, ಹಾರ್ಟ್ ಇದೆ, ಸ್ಕಿನ್ ಇದೆ. ಹೋಗೀ ಹೋಗಿ ಹುಚ್ಚರ ಡಾಕ್ಟ್ರು ಆಗ್ತೀನಿ ಅಂತೀಯಲ್ಲ! ಅದಕ್ಕೂ ಪೈಪೋಟಿ ಇದ್ಯಾ? ನಮ್ಮ ಕಡೆ ಅಂಥವರು ಒಬ್ರೂ ಇಲ್ಲಪ್ಪ” ಎಂದರು.

ಐದು ನಿಮಿಷಕ್ಕೆ ಕೈ ತೊಳೆಯುವ ನೆಪದಲ್ಲಿ, ತಂಗಿಯೂ ನಾನೂ ಇದ್ದ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡರು. “ಮಗಳೇ, ಒಲೆ ಆರಿಸಿದ್ನೋ ಇಲ್ವೋ ಅಂತ ಹತ್ತು ಸಲ ಹೋಗಿ ನೋಡಂಗಾಗುತ್ತೆ. ಈಗಲೂ ಅದೇ ಯೋಚ್ನೆ. ಯಾರಿಗೂ ಹೇಳ್ಬೇಡ, ಏನ್ ಮಾಡ್ಲಿ?”

ತಂಗಿ ಅರ್ಧ ಗಂಟೆ ಕೂತು ಸಮಾಧಾನವಾಗಿ ಹೇಳಿದಳು. ಅವರು ಕಣ್ಣೊರೆಸಿಕೊಂಡು ಹೋದರು. ಮಾರನೇ ದಿನ ಮದುವೆ ಬ್ರೋಕರ್ ಫೋನು: “ಹುಡುಗಿ ಚಿನ್ನ. ಆದ್ರೆ ಆ ಓದು ಬಿಡ್ಬೇಕಂತೆ.”

ನನ್ನ ಮೈ ಉರಿದು ಹೋಯಿತು. “ಬಿಡಲ್ಲ ಅಂತ ಹೇಳಿ. ಜೊತೆಗೆ ಇದನ್ನೂ ಹೇಳಿ, ಅವರ ಮನೆ ಒಲೆ ಉರೀತಾ ಇರೋದು ಇಲ್ಲಿಗೇ ಕಾಣ್ತಿದೆ” ಎಂದೆ.

ತಂಗಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಪೇಷೆಂಟ್ ನಂಬಿ ಹೇಳಿದ್ದನ್ನು ಹೊರಗೆ ಹಾಕಬಾರದಂತೆ.

“ತಪ್ಪಾಯ್ತು ಬಿಡೇ,” ಎಂದೆ, “ಆದರೆ ಹೆಣ್ಣು ನೋಡೋಕೆ ಬಂದವರು ಪೇಷೆಂಟ್ ಆದರು ಅಂತ ನೀನಾದ್ರೂ ಮೊದಲೇ ಹೇಳ್ಬೇಕಿತ್ತು!”

೨. ಸದ್ದು

ನಮ್ಮ ತವರಲ್ಲಿ ಎಂಟು ಮಗ್ಗ, ಇಲ್ಲಿ ನಾಲ್ಕು. ಗದ್ದಲ ಅರ್ಧ ಎಂದು ತಂಗಿ ನಮ್ಮ ಮನೆಗೆ ಬಂದು ಓದುತ್ತಿದ್ದಳು. ಅರ್ಧ ಎಂದರೂ ದೊಡ್ಡಬಳ್ಳಾಪುರದ ಪವರ್‌ಲೂಮು. ಪುಸ್ತಕದ ಅಕ್ಷರವೂ ಅದುರುತ್ತದೆ.

“ಒಂದು ಮೂರು ಗಂಟೆ ಮಗ್ಗ ನಿಲ್ಸಿ, ಪಾಪ ಪ್ರಾಕ್ಟೀಸ್ ಟೆಸ್ಟ್ ಬರೀಲಿ” ಎಂದು ಯಜಮಾನರಿಗೆ ಹೇಳಿದೆ.

“ನಿಂಗೇನ್ ತಲೆ ಕೆಟ್ಟಿದ್ಯಾ? ಬೀದಿಯವರೆಲ್ಲ ಓಡಿ ಬರ್ತಾರೆ” ಎಂದರು.

ಅದು ನಿಜ. ನಮ್ಮ ಬೀದಿಯಲ್ಲಿ ಕರೆಂಟ್ ಇದ್ದೂ ಹಗಲು ಹೊತ್ತು ಮಗ್ಗ ನಿಂತರೆ ಎರಡೇ ಕಾರಣ: ಒಂದು ಹಬ್ಬ, ಇನ್ನೊಂದು ಸಾವು.

ಹಾಗಾಗಿ ಅವಳು ಒಂದು ವರ್ಷ ಆ ಸದ್ದಿನಲ್ಲೇ ಓದಿದಳು. ಪರೀಕ್ಷೆ ದಿನ ಏಸಿ ಹಾಲಿನಲ್ಲಿ ಕೂರಿಸಿದರೆ, ಅಲ್ಲಿ ಪಿಟ್ಟೆನ್ನುವ ಸದ್ದಿಲ್ಲ. “ಗೊತ್ತಿದ್ದ ಉತ್ತರಾನೂ ನೆನಪಾಗ್ಲಿಲ್ಲ ಅಕ್ಕ. ಕಿವಿ ಗುಂಯ್ ಅಂತಿತ್ತು” ಎಂದು ಅತ್ತಳು. ಆ ವರ್ಷ ಸೀಟು ಹೋಯಿತು. ಎರಡನೇ ವರ್ಷ ದಿನಾ ಲೈಬ್ರರಿಗೆ ಹೋಗಿ ಓದಿನ ಜೊತೆ ಮೌನವನ್ನೂ ಅಭ್ಯಾಸ ಮಾಡಿದಳು.

ಎದುರುಮನೆಯ ರಿಟೈರ್ಡ್ ಮೇಷ್ಟ್ರು ಜಗಲಿಯಿಂದಲೇ ಕೇಳಿದರು: “ಏನಮ್ಮಾ, ಹುಚ್ಚರ ಡಾಕ್ಟ್ರ ಸೀಟೂ ಸಿಕ್ಕಲಿಲ್ವಾ ನಿನ್ನ ತಂಗಿಗೆ?”

“ಸೀಟು ಕಮ್ಮಿ, ಹುಚ್ಚರು ಜಾಸ್ತಿ ಮೇಷ್ಟ್ರೇ. ಎಣಿಸೋದಾದ್ರೆ ನಿಮ್ಮ ಜಗಲಿಯಿಂದಲೇ ಶುರು ಮಾಡ್ಲಾ?” ಎಂದೆ.

೩. ಸರಿ ಮಾಡಿಕೊಟ್ಟವನು

ಎರಡನೇ ಸಲ ರ‍್ಯಾಂಕ್ ಬಂತು. ಅಲ್ಲಿಗೇ ಮುಗಿಯಲಿಲ್ಲ. ಯಾವ ಕಾಲೇಜು, ಯಾವ ವಿಭಾಗ ಎಂದು ಕಂಪ್ಯೂಟರಿನಲ್ಲಿ ಸಾಲಾಗಿ ತುಂಬಬೇಕು. ಕೊನೆಯಲ್ಲಿ ಲಾಕ್ ಒತ್ತಿದರೆ ಆಮೇಲೆ ಬದಲಾಯಿಸುವಂತಿಲ್ಲ. ಮೊದಲ ಸುತ್ತುಗಳಲ್ಲಿ ಸೀಟು ಸಿಗದೆ, ಕೌನ್ಸೆಲಿಂಗಿನ ಕೊನೆಯ ಸುತ್ತಿಗೆ ತುಂಬುವ ದಿನವೇ ತಂಗಿಯ ಲ್ಯಾಪ್‌ಟಾಪ್ ಕೆಟ್ಟಿತು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಓಡಿದೆವು. ಅವಳು ಎಲ್ಲ ತುಂಬಿ, ಫೋನ್ ಬಂತೆಂದು ಆಚೆ ಹೋದಳು.

ಸೆಂಟರಿನವನು ಮುಖ ಅರಳಿಸಿ ನನ್ನನ್ನು ಕರೆದ. “ಅಕ್ಕಾ, ಮೇಡಂ ಗಾಬರೀಲಿ ತಪ್ಪು ಮಾಡಿದ್ರು. ಎಲ್ಲಾ ಕಾಲೇಜಿಗೂ ಸೈಕಿಯಾಟ್ರಿ, ಸೈಕಿಯಾಟ್ರಿ, ಬರೀ ಅದೇ! ನಾನು ಸರಿ ಮಾಡಿದೀನಿ ನೋಡಿ. ಮೇಲ್ಗಡೆ ಕಣ್ಣು, ಮೂಳೆ, ಮಕ್ಕಳದ್ದು ಹಾಕಿದೀನಿ. ಲಾಕ್ ಒತ್ಬಿಡ್ಲಾ?”

ನಾನು ಅವನ ಕೈ ಹಿಡಿದುಕೊಂಡು ಕೂಗಿದ ಕೂಗಿಗೆ ಪಕ್ಕದ ಬೇಕರಿಯವನು ಓಡಿ ಬಂದ. ತಂಗಿ ಮತ್ತೆ ಮೊದಲಿಂದ ತುಂಬಿದಳು. ಮುಗಿಯುವವರೆಗೂ ನಾನು ಅವನ ಕೈ ಬಿಡಲಿಲ್ಲ.

“ಒಳ್ಳೇದಕ್ಕೆ ಮಾಡಿದೆ ಅಕ್ಕ” ಎಂದ, ಮಣಿಕಟ್ಟು ತಿಕ್ಕಿಕೊಳ್ಳುತ್ತ.

“ಗೊತ್ತಪ್ಪ. ಈಗ ಮೂಳೆ ಡಾಕ್ಟ್ರ ಹತ್ರ ಹೋಗು, ನೀನು ಮೇಲ್ಗಡೆ ಹಾಕಿದ್ದೆಯಲ್ಲ” ಎಂದೆ.

೪. ಹಾರ

ಕೊನೆಯ ಸುತ್ತಿನ ಫಲಿತಾಂಶದ ದಿನ ತಂಗಿ ನೆಲಮಂಗಲದ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದಳು. ಮಧ್ಯಾಹ್ನ ಫೋನ್ ಬಂತು. “ಅಕ್ಕಾ... ಅಕ್ಕಾ...” ಅಷ್ಟೇ. ಉಳಿದದ್ದು ಬರೀ ಅಳು. ಮಗ್ಗದ ಸದ್ದಿಗೆ ಒಂದಕ್ಷರ ಕೇಳದು. ಓಡಿ ಹೋಗಿ ಮೇನ್ ಸ್ವಿಚ್ ಎಳೆದೆ. ನಾಲ್ಕೂ ಮಗ್ಗ ಗಕ್ಕನೆ ನಿಂತವು.

“ಸಿಕ್ತು ಅಕ್ಕ. ಸೈಕಿಯಾಟ್ರಿ. ಬೆಂಗಳೂರಲ್ಲೇ.”

ನಾನು ನೆಲಕ್ಕೆ ಕುಸಿದು, ಹೆತ್ತ ನೋವಿನಲ್ಲೂ ಅಳದಷ್ಟು ಗಟ್ಟಿಯಾಗಿ ಅತ್ತೆ.

ಮಗ್ಗ ನಿಂತಿದೆ, ಸೊಸೆ ಅಳುತ್ತಿದ್ದಾಳೆ. ಬೀದಿಗೆ ಇನ್ನೇನು ಬೇಕು? ಹತ್ತೇ ನಿಮಿಷಕ್ಕೆ ನಡುಮನೆ ತುಂಬಿತು. ಪಕ್ಕದ ಮನೆಯಾಕೆ ಸೆರಗು ಬಾಯಿಗಿಟ್ಟು, “ಎಂಥಾ ಜೀವ! ಇರುವೆಗೂ ನೋವು ಮಾಡ್ದೋರಲ್ಲ” ಎಂದು ರಾಗ ತೆಗೆದಳು. ಮೇಷ್ಟ್ರು ಮೂಲೆ ಅಂಗಡಿಯಿಂದ ಸುಗಂಧರಾಜದ ಹಾರವನ್ನೇ ತಂದಿದ್ದರು.

ಮಗ್ಗದ ಮನೆಯವರಿಗೆ ಸದ್ದು ನಿಂತರೆ ಎಚ್ಚರವಾಗುತ್ತದೆ. ಒಳಗೆ ಮಲಗಿದ್ದ ನಮ್ಮತ್ತೆ ಕಣ್ಣುಜ್ಜುತ್ತ ಆಚೆ ಬಂದು, “ಯಾರಮ್ಮ ಹೋಗಿದ್ದು?” ಎಂದರು.

ಮೇಷ್ಟ್ರು ಹಾರ ಬೆನ್ನ ಹಿಂದೆ ಬಚ್ಚಿಟ್ಟರು.

ನಾನು ವಿಷಯ ಹೇಳಿದೆ. ಮೇಷ್ಟ್ರಿಗೆ ಸಿಟ್ಟು ಬಂತು. “ಥತ್, ಹುಚ್ಚರ ಡಾಕ್ಟ್ರ ಸೀಟಿಗೆ ಹಿಂಗಾ ಅಳೋದು?”

“ಹೌದು ಅಳ್ತೀನಿ!” ಎಂದೆ. “ಎರಡು ವರ್ಷ ನಿಮ್ಮೆಲ್ಲರ ಮಾತು ಕೇಳಿದಾಳೆ. ಮೂರು ತಿಂಗಳು ನಾನು ಇದೇ ಗೋಡೆ ನೋಡ್ಕೊಂಡು ಕೂತಿದ್ದೆನಲ್ಲ, ಅವತ್ತು ಒಬ್ರಾದ್ರೂ ಬಂದು ಏನಮ್ಮಾ ಅಂತ ಕೇಳಿದ್ರಾ? ಸತ್ತರೆ ಮಾತ್ರ ಹಾರ ಹಿಡ್ಕೊಂಡು ಓಡಿ ಬರ್ತೀರಾ?”

ಎಲ್ಲರೂ ನೆಲ ನೋಡಿದರು. ಅತ್ತೆಯೂ ನೋಡಿದರು.

ಆಮೇಲೆ ಒಬ್ಬೊಬ್ಬರೇ ಎದ್ದು ಹೊರಟರು. ಹೊರಟವರು ನೆಟ್ಟಗೆ ಹೋಗಲಿಲ್ಲ. ಪಕ್ಕದ ಮನೆಯಾಕೆ ನನ್ನ ಕಿವಿಗೆ ಬಂದು, “ನಿನ್ನ ತಂಗಿ ಯಾವತ್ತಿಂದ ನೋಡ್ತಾಳೆ? ನಮ್ಮೋರು ಯಾಕೋ ಊಟಾನೇ ಬಿಟ್ಟವ್ರೆ” ಎಂದಳು. ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬ. ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ನಂಗಲ್ಲಮ್ಮ, ನನ್ನ ಸ್ನೇಹಿತರೊಬ್ಬರಿಗೆ...” ಎಂದು ಶುರುಮಾಡಿದರು.

ಅಷ್ಟರಲ್ಲಿ ನಮ್ಮತ್ತೆ ಮೇಷ್ಟ್ರ ಕೈಯಿಂದ ಹಾರ ಕಿತ್ತು ತಮ್ಮ ಕೊರಳಿಗೇ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತರು.

“ಯಾರೂ ನುಗ್ಬೇಡ್ರಿ, ಸಾಲಲ್ಲಿ ಬನ್ನಿ. ಮೊದಲನೇ ನಂಬರ್ ನಂದು.”