ಎಲ್ಲಿ ಚುಚ್ಚಿದರೂ ಹನ್ನೊಂದು

ಈ ವರ್ಷ ನಮ್ಮ ಶೆಡ್ಡಿನಲ್ಲಿ ವಿಜ್ಞಾನದ್ದೇ ಆಳ್ವಿಕೆ ಎಂದು ನಾನು ಕೊಯ್ಲಿಗೆ ಮೊದಲೇ ಘೋಷಿಸಿಬಿಟ್ಟೆ. ನಮ್ಮ ಹಂಬೋಲ್ಟ್ ಗುಡ್ಡಗಳಲ್ಲಿ ಗಾಂಜಾ ಬೆಳೆಯುವವರು, ಕದ್ದು ಬೆಳೆಯುತ್ತಿದ್ದ ಕಾಲದಿಂದಲೂ, ಒಣಹಾಕಿದ ಹೂವಿನ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸುತ್ತಾರೆ. ಟಪ್ ಎಂದರೆ ಒಣಗಿದೆ, ಸುಮ್ಮನೆ ಬಾಗಿದರೆ ಹಸಿ. ಕಾನೂನು ಒಪ್ಪಿ ಲೈಸೆನ್ಸ್ ಬಂತು, ಕಡ್ಡಿ ಮಾತ್ರ ಹೋಗಲಿಲ್ಲ. ನಾನು ಎರಡು ಸೂಜಿಯ ತೇವದ ಮೀಟರ್ ತರಿಸಿದೆ. ಹೂವಿಗೆ ಚುಚ್ಚಿದರೆ ಅಂಕಿ ಬರುತ್ತದೆ. ಹನ್ನೆರಡಕ್ಕಿಂತ ಕೆಳಗಿಳಿದರೆ ಭರಣಿಗೆ ತುಂಬಬಹುದು.

“ಮೂವತ್ತು ವರ್ಷದಿಂದ ನನ್ನ ಕಿವಿ ಕೆಟ್ಟಿಲ್ಲ, ಡ್ವೈಟ್,” ಎಂದಳು ಹೆಂಡತಿ ನೆಟ್ಟಿ.

“ಕಿವಿಗೆ ಬ್ಯಾಟರಿ ಇಲ್ವಲ್ಲ.”

“ಅದಕ್ಕೇ ಕೆಟ್ಟಿಲ್ಲ.”

ನೆಟ್ಟಿಯ ಹೂವು ಇಷ್ಟು ವರ್ಷ ಯಾರ್‍ಯಾರದೋ ಮೂಟೆಯಲ್ಲಿ ಬೆರೆತು ಹೋಗುತ್ತಿತ್ತು. ಈ ಸಲ ಮೊದಲ ಬಾರಿಗೆ ಪೇಟೆಯ ಅಂಗಡಿಯೊಂದು ಅವಳ ಹೆಸರಿನ ಚೀಟಿ ಅಂಟಿಸಿಯೇ ಮಾರುತ್ತೇವೆಂದು ಒಪ್ಪಿತ್ತು. ಆದರೆ ಹಸಿ ಹೂ ತುಂಬಿ, ಮಾರುವ ಮುಂಚಿನ ಲ್ಯಾಬ್ ಪರೀಕ್ಷೆಯಲ್ಲಿ ಬೂಷ್ಟು ಕಂಡರೆ ಇಡೀ ಬೆಳೆ ಗುಂಡಿಗೆ.

ಮೊದಲ ದಿನ ಮೀಟರ್ ಇಪ್ಪತ್ತೆಂಟು ತೋರಿಸಿತು. ನಾನು ಬೆಳಗ್ಗೆ ಸಂಜೆ ಕಂಡಕಂಡ ಹೂವಿಗೆಲ್ಲ ಚುಚ್ಚುತ್ತಾ ಬಂದೆ. ಐದನೇ ದಿನ ಎಲ್ಲಿ ಚುಚ್ಚಿದರೂ ಹನ್ನೊಂದು. ಇಂಥ ಶಿಸ್ತನ್ನು ನಾನು ಸೈನ್ಯದಲ್ಲೂ ಕಂಡಿರಲಿಲ್ಲ.

ನೆಟ್ಟಿ ಕಡ್ಡಿ ಬಗ್ಗಿಸಿದಳು. ಸದ್ದಿಲ್ಲ. “ಇನ್ನೂ ಮೂರು ದಿನ ಬೇಕು.”

“ಮೀಟರ್ ಆಯ್ತು ಅಂತಿದೆ.”

“ಅನ್ಲಿ ಬಿಡು. ನೀನೂ ಏನೇನೋ ಅಂತಿರ್ತೀಯ. ನಾನು ಅಕ್ಕನ ಮನೆಗೆ ಹೋಗಿ ನಾಳೆ ಬರ್ತೀನಿ. ಹೂ ಮುಟ್ಟಬೇಡ.”

ಮುಟ್ಟಿದೆ. ಸಂಜೆಯೊಳಗೆ ಎಂಬತ್ತು ಭರಣಿ ತುಂಬಿ, ಮುಚ್ಚಳ ಬಿಗಿದು, ಕೈ ಕಟ್ಟಿ ನಿಂತು ನನ್ನ ಸಾಧನೆಯನ್ನು ನಾನೇ ನೋಡಿಕೊಂಡೆ.

ಕೂಸಿಗೆ ತೇಗು ಬರಿಸುವಂತೆ ಭರಣಿಗೂ ದಿನಾ ಮುಚ್ಚಳ ತೆಗೆದು ಗಾಳಿಯಾಡಿಸುವುದು ನಮ್ಮ ಕಡೆಯ ವಾಡಿಕೆ. ಮರುದಿನ ಬೆಳಗ್ಗೆ ಮೊದಲ ಮುಚ್ಚಳ ತೆಗೆದೆ. ರಾಶಿ ಹಾಕಿ ಮರೆತ ಹಸಿ ಹುಲ್ಲಿನ ವಾಸನೆ ಮೂಗಿಗೆ ಹೊಡೆಯಿತು. ಮೀಟರ್ ಚುಚ್ಚಿದೆ: ಹನ್ನೊಂದು. ಅನುಮಾನ ಬಂದು ಟೇಬಲ್ ಮೇಲಿದ್ದ ಬ್ರೆಡ್ಡಿಗೆ ಚುಚ್ಚಿದೆ: ಹನ್ನೊಂದು. ಒಗೆದು ಹಾಕಿದ್ದ ಒದ್ದೆ ಕಾಲುಚೀಲಕ್ಕೂ ಹನ್ನೊಂದು. ಕೊನೆಗೆ ನಲ್ಲಿಯ ಕೆಳಗೆ ಹಿಡಿದೆ. ಹರಿಯುವ ನೀರಿಗೂ ಹನ್ನೊಂದು!

ಆಗ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಐದು ದಿನ ಚುಚ್ಚಿದ ಹೂವಿನ ಅಂಟೆಲ್ಲ ಹಳೆಯ ಬೆಲ್ಲದ ಪಾಕದ ಹಾಗೆ ಸೂಜಿಗೆ ಮೆತ್ತಿತ್ತು. ಪಾಪ, ಅದು ತನ್ನ ಮೈಯ ಅಂಟನ್ನೇ ಅಳೆದುಕೊಂಡು ತೃಪ್ತಿಪಡುತ್ತಿತ್ತು.

ಎಂಬತ್ತು ಭರಣಿ ಬೋರಲು ಹಾಕಿದೆ. ಒಣಗಿಸುವ ಜಾಲರಿ ತಟ್ಟೆಗಳೆಲ್ಲ ತುಂಬಿದ ಮೇಲೆ ಊಟದ ಟೇಬಲ್, ಹಾಸಿಗೆ, ಸೋಫಾ, ಇಸ್ತ್ರಿ ಹಲಗೆಗಳ ಮೇಲೂ ಹೂ ಹರಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ನೆಟ್ಟಿ.

ಅವಳು ಮನೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. “ಮಲಗೋದೆಲ್ಲಿ?”

“ಸೋಫಾ ಮೇಲೆ…”

“ಅಲ್ಲೂ ಇದೆ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಒಂದೊಂದೇ ಹಿಡಿ ಎತ್ತಿ, ಬಿಡಿಸಿ, ಮೂಸುತ್ತಾ ಹೋದಳು. ಅವಳ ಹೆಸರನ್ನು ನಾನೇ ಕೊಳೆಸಿದೆನಲ್ಲ ಎಂಬ ನಾಚಿಕೆಯಲ್ಲಿ ತಲೆ ಎತ್ತಲಾಗಲಿಲ್ಲ.

“ಒಂದೇ ರಾತ್ರಿ ಆಗಿದ್ದಕ್ಕೆ ಉಳ್ಕೊಂಡಿದೆ,” ಎಂದಳು ಕೊನೆಗೆ. “ನಡಿ, ಟ್ರಕ್ಕಿನಲ್ಲಿ ಕಂಬಳಿ ಹಾಸು.”

ಮೂರು ದಿನ ಟ್ರಕ್ಕಿನಲ್ಲೇ ಮಲಗಿದೆವು. ನಾಲ್ಕನೇ ಬೆಳಗ್ಗೆ ಅವಳ ಕೈಯಲ್ಲಿ ಕಡ್ಡಿ ಟಪ್ ಎಂದಿತು.

ಕೆಲವು ವಾರಗಳ ಮೇಲೆ, ಪರೀಕ್ಷೆಯಲ್ಲಿ ಗೆದ್ದ ಹೂವನ್ನು ಒಯ್ಯಲು ಅಂಗಡಿಯ ಹೆಂಗಸು ಬಂದಳು. ಒಂದು ಹೂವನ್ನು ಬೆರಳಲ್ಲಿ ಒತ್ತಿ ನೋಡಿ, “ಎಂಥಾ ಹದ ನೆಟ್ಟಿ! ಯಾವ ಮೀಟರ್ ಬಳಸ್ತೀಯ?” ಎಂದು ಕೇಳಿದಳು.

ನೆಟ್ಟಿ ನನ್ನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟಳು.

“ಇದನ್ನೇ. ಇದು ‘ಒಣಗಿದೆ’ ಅಂದ ಮೇಲೆ ಇನ್ನೂ ಮೂರು ದಿನ ಬಿಡ್ತೀನಿ.”