ಮುನ್ನೂರ ಹನ್ನೆರಡು ಮಂದಿಗೆ ಒಂದೇ ನಂಬರು

ಮೂರು ವರ್ಷದ ಹಿಂದೆ ಕುಷ್ಟಗಿಯ ದಾಳಿಂಬೆ ಬೆಳೆಗಾರರ ಸಂಘಕ್ಕೆ ವೆಬ್‌ಸೈಟ್ ಮಾಡುವಾಗ, ಗುಮಾಸ್ತ ಗುರುಬಸವ ಸದಸ್ಯರ ಫೋನ್ ನಂಬರು ಕೇಳಿದ್ದ. ಮುನ್ನೂರ ಹನ್ನೆರಡು ಮಂದಿಯೂ ಒಂದೇ ಮಾತು ಹೇಳಿದ್ದರು: "ನಿಂದ ಹಾಕ್ಬಿಡಪಾ. ಏನರ ಬಂದ್ರ ನೀನ ಓದಿ ಹೇಳಾಂವ."

ಹಾಕಿದ್ದ. ಆಮೇಲೆ ಮರೆತಿದ್ದ.

ಗುರುಬಸವನ ಕನಸಿನಲ್ಲಿ ಹೆಣ್ಣು ಬರುತ್ತಿರಲಿಲ್ಲ, ಹೊನ್ನು ಬರುತ್ತಿರಲಿಲ್ಲ. ರಿಂಗಾಗದ ಫೋನೊಂದು ಬರುತ್ತಿತ್ತು. ಎಚ್ಚರವಿದ್ದಷ್ಟು ಹೊತ್ತೂ "ಇವತ್ತ ರೇಟ್ ಏನೈತಿ?", "ಎಲಿಗೆ ಚುಕ್ಕಿ ಬಿದ್ದಾವ, ಏನ್ ಹೊಡೀಲಿ?" ಎಂಬ ಕರೆಗಳು. ಈಗ ಸಂಘ ಹೊರಗಿನಿಂದ ಒಂದು ಆಪ್ ಕೊಂಡಿತ್ತು. ಸದಸ್ಯರು ಅದರಲ್ಲೇ ರೇಟು ನೋಡಬಹುದು, ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಹುದು. ಹಳೆಯ ವೆಬ್‌ಸೈಟನ್ನು ಅದಕ್ಕೆ ಜೋಡಿಸಿದರೆ ಸಾಕು, ಇನ್ನು ಯಾರೂ ತನ್ನನ್ನು ಕರೆಯುವುದಿಲ್ಲ. ಆ ನಿಶ್ಶಬ್ದವನ್ನು ನೆನೆಯುತ್ತ, ಸೋಮವಾರ ಬೆಳಿಗ್ಗೆ ಅವನು ಗುಂಡಿ ಒತ್ತಿದ.

ಹೆಸರುಗಳೆಲ್ಲ ಸರಾಗವಾಗಿ ಆಪಿಗೆ ಹೋದವು. ಜೊತೆಗೆ ನಂಬರೂ ಹೋಯಿತು. ಆಪ್ ತೆರೆಯಲು ಹೋದ ಪ್ರತಿಯೊಬ್ಬರ ಓಟಿಪಿಯೂ ಗುರುಬಸವನ ಫೋನಿಗೇ ಬರತೊಡಗಿತು. ಕಲ್ಲು ಬಿದ್ದ ಜೇನುಗೂಡಿನಂತೆ ಫೋನು ಮೇಜಿನ ಮೇಲೆ ಗುಂಯ್ಗುಟ್ಟುತ್ತ ತಿರುಗಿತು. ಯಾವುದು ಯಾರದೆಂದು ಒಂದರಲ್ಲೂ ಬರೆದಿರಲಿಲ್ಲ.

ಅಧ್ಯಕ್ಷ ಕೊಟ್ರಪ್ಪ ಓಡಿ ಬಂದರು. ಹಿಂದೆಯೇ ನಲವತ್ತು ಮಂದಿ.

"ಇದರಾಗೇನೈತಿ, ರೇಷನ್ ಅಂಗಡ್ಯಾಗ ಕೂಗಿದಂಗ ಕೂಗು. ಯಾರ್ದು ಹತ್ತತೈತೋ ಅವರು ತಗೋತಾರ," ಎಂದರು ಕೊಟ್ರಪ್ಪ.

ಗುರುಬಸವ ಕೂಗಿದ. ನಲವತ್ತು ಮಂದಿಯೂ ಒತ್ತಿದರು. ಕೊಟ್ರಪ್ಪನವರ ಫೋನು ಅವರನ್ನು "ಸ್ವಾಗತ, ಶೇಖರಮ್ಮನವರೇ" ಎಂದು ಬರಮಾಡಿಕೊಂಡಿತು.

ಗುರುಬಸವನಿಗೆ ಕೋಣೆ ಬಾಡಿಗೆ ಕೊಟ್ಟ ಶೇಖರಮ್ಮ ಅಲ್ಲೇ ನಿಂತಿದ್ದಳು. "ನಾ ಇಲ್ಲಿ ನಿಂತೀನಿ, ಅಲ್ಲಿ ಒಳಗ ಹೋದಾಕಿ ಯಾರಪಾ?"

"ನಾನ ಬೇ. ಆಪು ನನ್ನ ಫೋಟೋ ತಗದು ನಿನ್ನ ಹೆಸರಿಗೆ ಹಚ್ಚೈತಿ. ನೋಡು, ನಿನಗ ಮೀಸಿ ಬಂದೈತಿ," ಎಂದರು ಅಧ್ಯಕ್ಷರು, ತುಸು ನಾಚಿಕೊಂಡು.

ತಳಕಲ್‌ನ ನೂರಸಾಬ ಕೂತಲ್ಲಿಂದಲೇ ಸಲಹೆ ಕೊಟ್ಟ: "ತಮ್ಮಾ, ಎಲ್ಲಾರ್ದೂ ಅವರವರ ನಂಬರ ಬರಕೋ. ಬ್ಯಾರೆ ದಾರಿ ಇಲ್ಲ."

ಬೇರೆ ದಾರಿ ಇರಲಿಲ್ಲ. ಊಟ ಬಿಟ್ಟು, ಕೆಲವರನ್ನು ಎದುರಿಗೆ ಕೂರಿಸಿಕೊಂಡು, ಉಳಿದವರಿಗೆ ಫೋನ್ ಮಾಡಿ, ಅಷ್ಟೂ ನಂಬರು ತಿದ್ದುವಷ್ಟರಲ್ಲಿ ನಾಲ್ಕು ಗಂಟೆ. ಆಮೇಲೆ ಫೋನು ಒಮ್ಮೆ ನಡುಗಿ ಸುಮ್ಮನಾಯಿತು.

ಕೋಣೆಗೆ ಬಂದು ಚಾಪೆಯ ಮೇಲೆ ಬಿದ್ದುಕೊಂಡ. ಕಿಟಕಿಯಲ್ಲಿ ಬಿಸಿಲು ಹಣ್ಣಾಗುತ್ತಿತ್ತು. ಎಲ್ಲೋ ಒಂದು ಪಂಪು ನಿಂತಿತು. ಅದು ನಿಂತದ್ದೂ ಕೇಳಿಸುವಷ್ಟು ನಿಶ್ಶಬ್ದ. ಗುರುಬಸವ ಕಣ್ಣು ತೆರೆದುಕೊಂಡೇ ಅದರೊಳಗೆ ಮೆಲ್ಲಗೆ ಮುಳುಗಿದ. ಬಾಗಿಲಲ್ಲಿ ಶೇಖರಮ್ಮ ಬಂದು "ಚಾ ಕುಡಿತೀಯೇನು?" ಎಂದದ್ದು, ಎರಡು ಸಲ ಕೇಳಿ ಹೋದದ್ದು, ತುಂಬ ದೂರದ ದಡದಲ್ಲಿ ನಡೆದಂತಿತ್ತು. ಅವನು ಸುಮ್ಮನೆ ನಕ್ಕ.

ಬೆಳಕು ಮಾಸುವ ಹೊತ್ತಿಗೆ ಅಂಗಳದಲ್ಲಿ ಟಂಟಂ ರಿಕ್ಷಾ ನಿಂತಿತು. ಹಿಂದೊಂದು ಟ್ರ್ಯಾಕ್ಟರ್. ಎಳನೀರಿನ ಗೊನೆ ಹೊತ್ತು ನೂರಸಾಬ ಮೊದಲು ನುಗ್ಗಿದ. ಅವನ ಬೆನ್ನಿಗೆ ಇರಕಲ್ಲಗಡದಿಂದ ಹಿಡಿದು ತಂದ ನಾಟಿ ವೈದ್ಯ.

"ಉಸರಾಡ್ತಾನ," ಎಂದ ವೈದ್ಯ, ಮೂಗಿನ ಬಳಿ ಬೆರಳು ಹಿಡಿದು.

"ಏನಾಗೇತ್ರಿ?" ಗುರುಬಸವ ಎದ್ದು ಕೂತ.

ಶೇಖರಮ್ಮ ತನ್ನ ಫೋನು ತೋರಿಸಿದಳು. ಆಪಿನಲ್ಲಿ ಅವಳು ಹಾಕಿದ ಮೊದಲ ಸುದ್ದಿ: "ಗುರುಬಸವ ಮಾತಾಡವಲ್ಲ. ಕಣ್ಣ ಬಿಟಗೊಂಡು ಮ್ಯಾಲ ನೋಡಿ ನಗಾಕತ್ಯಾನ." ಕೆಳಗೆ ಒಬ್ಬರು ಲಕ್ವಾ ಎಂದಿದ್ದರು, ಇನ್ನೊಬ್ಬರು ದೆವ್ವದ ಗಾಳಿ ಎಂದಿದ್ದರು. "ಎರಡ ತಾಸಾತು, ಅಂವ ಯಾರ ಜೋಡಿನೂ ಫೋನಿನ್ಯಾಗ ಮಾತಾಡಿಲ್ಲ, ಏನೋ ಆಗೇತಿ" ಎಂದು ಕೊಟ್ರಪ್ಪ ತೀರ್ಮಾನಿಸಿದ್ದರು.

"ಆರಾಮ ಅದೀನ್ರಿ," ಎಂದ ಗುರುಬಸವ.

"ಅದನ್ನ ನಮಗ ಹೆಂಗ ಗೊತ್ತಾಗಬೇಕು?" ಎಂದರು ಕೊಟ್ರಪ್ಪ. ಅಲ್ಲೇ ಚಾಪೆಯ ಮೇಲೆ ಸಭೆ ಸೇರಿತು, ಒಮ್ಮತದಿಂದ ಠರಾವೂ ಆಯಿತು: "ಇವತ್ತಿಂದ ತಾಸಿಗೊಮ್ಮೆ ಆಪಿನ್ಯಾಗ ಆರಾಮ ಅದೀನಿ ಅಂತ ಹಾಕಬೇಕು. ಹಾಕಲಿಲ್ಲಂದ್ರ ಎಲ್ಲಾರೂ ಬರ್ತೀವಿ. ಈಗ ಒಂದ ಹಾಕು, ನೋಡೋಣು."

ಗುರುಬಸವ ಹಾಕಿದ. ಬೆರಳು ತೆಗೆಯುವ ಮೊದಲೇ, ಮುನ್ನೂರ ಹನ್ನೆರಡು ಮಂದಿ ಒಬ್ಬೊಬ್ಬರಾಗಿ "ಛಲೋ ಆತು" ಎಂದು ಉತ್ತರಿಸತೊಡಗಿದರು.