ನಾ ಕಲಿಸಿದ ಚೀನಿ ವ್ಯಾಕರಣ

ಚೀನಿ ಭಾಷಾ ಕಲಿಸಾಕ ನಾ ಎಲ್ಲಿ ಕುಂತ್ರೂ ಒಂದು ಗದ್ದಲ ಆಗದಂಗ ಪಾಠ ಮುಗಿಯೋದೇ ಇಲ್ಲ ನೋಡ್ರಿ! ನಾ ಮಕ್ತಲ್‌ದಾಕಿ. ಡಾಕ್ಟರ್ ಓದಾಕ ಚೀನಾಕ್ಕ ಹೋಗಿ ಬಂದೀನಿ. ಇಲ್ಲಿ ಇನ್ನೊಂದು ಪರೀಕ್ಷಾ ಪಾಸಾಗೋ ತನಕ ಸೂಜಿ ಮುಟ್ಟಂಗಿಲ್ಲ. ಹಂಗಾಗಿ ಸದ್ಯಕ್ಕ ನಾಲಗಿ ನಂಬಿ ಕುಂತೀನಿ.

ಹೆಣ್ಣು ಹಾವು

ಮೊದಲನೇ ಪಾಠ ನಮ್ಮೂರ ಬೀಜದಂಗಡಿ ಮಾಲಕರ ಮನ್ಯಾಗ. ಅವರ ಮಗಳು ಚೀನಾಕ್ಕ ಓದಾಕ ಹೊಂಟಿದ್ಲು.

"ಹೆದರಬ್ಯಾಡ, ಚೀನಿಯೊಳಗೂ ನೀ ಅಂದ್ರ ನೀನೇ!" ಅಂದೆ. ಹುಡುಗಿ ಕುಣಿದಾಡಿಬಿಟ್ಲು.

"ಹಾವ್ ಅಂದ್ರ ಚಲೋ. ಕಡೀಗೆ ಮಾ ಹಚ್ಚಿದ್ರ ಪ್ರಶ್ನೆ. ನೀ ಹಾವ್ ಮಾ? ಚಲೋ ಇದ್ದೀಯೇನು? ಅದಕ್ಕ ಉತ್ತರ, ವೊ ಹೆನ್ ಹಾವ್. ನಾ ಭಾಳ ಚಲೋ ಇದ್ದೀನಿ."

ಇಬ್ರೂ ಜೋರಾಗಿ ಶುರು ಮಾಡಿದ್ವಿ. "ನೀ ಹಾವ್ ಮಾ?" "ವೊ ಹೆನ್ ಹಾವ್!"

ಪಕ್ಕದ ಖೋಲ್ಯಾಗ ಅವರಪ್ಪ ಮಲಗಿದ್ರು. ಅಂಗಡ್ಯಾಗ ದಿನಾ ಉರ್ದು ಮಾತಾಡೋರು, ಅವರಿಗೆ ವೊ ಅಂದ್ರ 'ಅದು'. 'ಅದು ಹೆಣ್ಣು ಹಾವು' ಅಂತ ಕೇಳಿಸೇತಿ! ಬಡಿಗಿ ಹಿಡಕೊಂಡು ಓಡಿ ಬಂದ್ರು.

"ಇಲ್ರೀ ಕಾಕಾ, ಇದು ವ್ಯಾಕರಣ..."

"ಹೆಣ್ಣೋ ಗಂಡೋ ಆಮ್ಯಾಲೆ ಹೇಳವ್ವಾ, ಮೊದ್ಲು ಕಾಲು ಮ್ಯಾಲೆತ್ತು!"

ಬ್ಯಾಡ ಅನ್ನೋದು ಎಲ್ಲಿಡಬೇಕು?

ನಾರಾಯಣಪೇಟೆಯ ಸೀರಿ ಸಾವ್ಕಾರ್ರಿಗೆ ಚೀನಾದ ನೂಲು ಮಾರೋ ಹೆಣ್ಮಗಳ ಜೋಡಿ ಮಾತಾಡಬೇಕಿತ್ತು. "ಯಾವ್ ಅಂದ್ರ ಬೇಕು. ಮುಂದ ಬು ಹಚ್ಚಿ ಬು ಯಾವ್ ಅಂದ್ರ ಬ್ಯಾಡ" ಅಂತ ಹೇಳಿಕೊಟ್ಟೆ.

"ಅದೆಂಗವ್ವಾ? ಬ್ಯಾಡ ಅನ್ನೋದು ಮಾತಿನ ಕಡೀಗೆ ಬರಬೇಕು. ಬಾಯಿ ತೆರದ ಕೂಡ್ಲೇ ಬ್ಯಾಡ ಅಂದ್ರ ಎದುರಿದ್ದೋರಿಗೆ ಬ್ಯಾಸರಾಗಂಗಿಲ್ಲೇನು?"

ವಿಡಿಯೋ ಕಾಲ್‌ದಾಗ ಆಕಿ ಥಳಥಳ ಅನ್ನೋ ಪ್ಲಾಸ್ಟಿಕ್ ನೂಲು ತೋರಿಸಿದ್ಲು. ಸಾವ್ಕಾರ್ರು ಮಡಿಚ್ತಿದ್ದ ಕೆಂಪು ಸೀರಿ ಸಮೇತ ಎರಡೂ ಕೈ ಝಾಡಿಸಿ ಒದರಿದ್ರು: "ಯಾವ್ ಬು ಯಾವ್ ಬು ಯಾವ್ ಬು!"

ಚೀನಿಯೊಳಗ 'ಯಾವ್ ಬು ಯಾವ್' ಅಂದ್ರ 'ಬೇಕೋ ಬ್ಯಾಡೋ?' ಅಂತ ಕೇಳಿದಂಗ. ಆಕಿ ಸೀರಿ ನೋಡಿ ಚಪ್ಪಾಳಿ ತಟ್ಟಿದ್ಲು, "ಯಾವ್! ಯಾವ್!"

"ನಾ ಬ್ಯಾಡ ಅಂದ್ರೂ ಬೇಕು ಅಂತಾಳಲ್ಲವ್ವಾ!"

"ಆಕಿ ಮಾರಾಕತ್ತಿಲ್ರೀ, ನಿಮ್ಮ ಸೀರಿ ಕೊಳ್ಳಾಕತ್ತಾಳ!"

ಸಾವ್ಕಾರ್ರು ನನ್ನ ಕಡಿ ತಿರುಗಿ ಕೈ ಮುಗಿದ್ರು. "ಹಂಗಾದ್ರ ನನ್ನ ವ್ಯಾಕರಣ ತಿದ್ದಬ್ಯಾಡ ತಾಯಿ!"

ಅಜ್ಜಿ ಹೂಂ ಅಂದದ್ದು

ಗದ್ವಾಲ್‌ದ ಒಂದು ಮಗ್ಗದ ಮನಿಯಿಂದ ನನಗ ಸಂಬಂಧ ಬಂದಿತ್ತು. ಹುಡುಗನ ಅಜ್ಜಿಗೆ ಮೊಣಕಾಲು ನೋವಂತ, ಹಂಗಾಗಿ ನಾವೇ ಹೋದ್ವಿ. ಹುಡುಗ ನನಗ ನೋಡಿದ ಕೂಡ್ಲೇ ಮನಸ್ಸಿಗೆ ಬಂದ. ಆದ್ರ ಆ ಮನ್ಯಾಗ ಅಜ್ಜಿ ಹೂಂ ಅಂದ್ರಷ್ಟೇ ಹೂಂ.

"ಚೀನಿ ಬರತೈತಂತಲ್ಲವ್ವಾ ನಿನಗ. ನನ್ನ ಒಂದೀಟು ಮಾತಾಡ್ಸು, ನೋಡಾಣ" ಅಂದ್ರು ಅಜ್ಜಿ.

ನಾ ಸೆರಗು ಹೊದ್ದು, ಕೈ ಮುಗಿದು, ಅಲ್ಲಿಯ ಮಂದಿ ಹಿರ್ಯಾರ್ನ ಕೇಳೋ ಹಂಗ ಕೇಳಿದೆ: "ಛೀ ಲೇ ಮಾ?"

ಒಳಗ ಮಗ್ಗದ ಸಪ್ಪಳ ಸುದ್ದಾ ನಿಂತುಹೋತು. ನಮ್ಮಪ್ಪ ಚಹಾದ ಕಪ್ಪು ಬಾಯಿ ತನಕ ಒಯ್ದು ಹಂಗೇ ಕುಂತ್ರು.

"ಛೀ ಅಂದ್ಲು! ಲೇ ಅಂದ್ಲು! ಮ್ಯಾಲೆ ತೆಲುಗಿನೋರು ಅಮ್ಮಾ ಅನ್ನೋ ಹಂಗ ಮಾ ಅಂತ ಮರ್ಯಾದಿ ಬ್ಯಾರೆ!" ಅಂತ ಅಜ್ಜಿ ಒದರಿದ್ರು.

"ಅಯ್ಯೋ ಅಜ್ಜೀ, ಛೀ ಅಂದ್ರ ತಿನ್ನೋದು, ಲೇ ಅಂದ್ರ ಆಗೇತಿ, ಮಾ ಅಂದ್ರ ಪ್ರಶ್ನೆ! ಊಟ ಆತೇನ್ರಿ ಅಂತ ಕೇಳೀನ್ರಿ!"

ಅಜ್ಜಿ ತುಟಿಯೊಳಗೇ ಮೂರೂ ಅಕ್ಷರ ಅಂದು ನೋಡಿದ್ರು. ಮೆಲ್ಲಕ ಮುಖ ಅರಳಿತು. "ಅಂದ್ರ ಬೈದಂಗೂ ಆತು, ಉಪಚಾರ ಮಾಡಿದಂಗೂ ಆತು! ಈ ಹುಡುಗಿ ನಮ್ಮನೀಗೇ ಬರಲಿ!"

ನನಗ ಕುಣೀಬೇಕು ಅನ್ನಿಸ್ತು. ಅಷ್ಟರಾಗ ಅಜ್ಜಿ, ಹೊರಗ ಕಟ್ಟಿ ಮ್ಯಾಲೆ ತೂಕಡಿಸ್ತಿದ್ದ ಅಜ್ಜನ ಕಡಿ ತಿರುಗಿ ಒದರಿದ್ರು: "ಛೀ! ಲೇ! ಮಾ?"

ಅಜ್ಜ ದಡಕ್ಕನ ಎದ್ದು, ಕೈ ತೊಳಕೊಂಡು, ಒಳಗ ಬಂದು ತಾಟಿನ ಮುಂದ ಕುಂತೇಬಿಟ್ರು.

"ಅಜ್ಜಾ, ನಿಮಗ ಚೀನಿ ಬರತೈತೇನ್ರಿ?" ಅಂದೆ ನಾ, ಬೆರಗಾಗಿ.

"ಚೀನಿ ಏನಿದರಾಗ? ಮದುವ್ಯಾದಾಗಿಂದ ಈಕಿ ನನ್ನ ಊಟಕ್ಕ ಹಿಂಗೇ ಕರೀತಾಳ!"